ಫ್ಯೂಸಿನ ಮೇಲೆ ದಾನಿಯ ಹೆಸರು ಬರೆಯಲು ಜಾಗವಿಲ್ಲ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಯಾವುದೇ ಶಾಲೆ, ಮಸೀದಿ, ದೇವಸ್ಥಾನ ಅಥವಾ ಸಮುದಾಯ ಭವನಕ್ಕೆ ಹೋಗಿ ತಲೆ ಎತ್ತಿ ನೋಡಿ. ಫ್ಯಾನಿನ ರೆಕ್ಕೆಗಳ ಮೇಲೆ ದಾನಿಗಳ ಹೆಸರು ಬರೆದಿರುತ್ತದೆ. ಗೋಡೆ ಗಡಿಯಾರ, ಬೀರು, ನೀರಿನ ಟ್ಯಾಂಕಿನ ಮೇಲೂ ಇರುತ್ತದೆ. ಕೊಟ್ಟವರಿಗೆ ಒಳ್ಳೆಯದಾಗಲಿ. ಆದರೆ ಅದೇ ಫ್ಯಾನಿನ ರೆಗ್ಯುಲೇಟರ್ ಕೆಟ್ಟಾಗ ಸರಿಮಾಡಿಸಿದವರ ಹೆಸರು ಎಲ್ಲೂ ಇರುವುದಿಲ್ಲ. ಬಹಳ ಕಡೆ ಯಾರೂ ಸರಿಮಾಡಿಸಿರುವುದೇ ಇಲ್ಲ. ಹೊಸದನ್ನು ಕೊಡಿಸಲು ಚಂದಾ ಸೇರುತ್ತದೆ. ಇದ್ದದ್ದನ್ನು ಉಳಿಸಿಕೊಳ್ಳಲು ಚಂದಾ ಸೇರುವುದಿಲ್ಲ.

ಫ್ಯಾನಿನ ವಿಷಯದಲ್ಲಿ ಈ ಅಭ್ಯಾಸ ಇದ್ದರೆ ಸ್ವಲ್ಪ ಸೆಖೆ ತಡೆದುಕೊಂಡರಾಯಿತು. ಪ್ರವಾಹದ ರಾತ್ರಿ ಬೇಕಾಗುವ ಉಪಕರಣದ ವಿಷಯದಲ್ಲಿ ಇದೇ ಅಭ್ಯಾಸ ಇದ್ದರೆ ಜೀವಕ್ಕೆ ಕುತ್ತು. ಅಂಥ ಒಂದು ಉಪಕರಣ ಹ್ಯಾಮ್ ರೇಡಿಯೊ. ನಮ್ಮ ಕಾಲೇಜಿನಲ್ಲಿ ಒಂದು ಹ್ಯಾಮ್ ರೇಡಿಯೊ ಕ್ಲಬ್ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ. ಅದರ ಮೊದಲ ಕೆಲಸ ಹೊಸ ಸೆಟ್ ಕೊಳ್ಳುವುದು ಆಗಬಾರದು. ಹಳೆಯ ಸೆಟ್‌ಗಳಿಗೆ ಸರಿಯಾದ ಫ್ಯೂಸ್ ಹಾಕುವುದು, ಅವುಗಳ ಸವೆದ ಗುಂಡಿ ಮತ್ತು ಸ್ವಿಚ್‌ಗಳನ್ನು ಸರಿಮಾಡುವುದು ಮೊದಲ ಕೆಲಸ ಆಗಬೇಕು. ಕಾಮರ್ಸ್ ಓದುವವರಿಗೆ ಇದೆಲ್ಲ ಏಕೆ ಎಂದು ಕೇಳುವ ಗೆಳೆಯರಿಗೂ ಕೊನೆಯಲ್ಲಿ ಉತ್ತರ ಇದೆ.

ವಯನಾಡಿನಲ್ಲಿ ನಡೆದದ್ದು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕಡೆ ಗುಡ್ಡ ಕುಸಿಯಿತು. ನೂರಾರು ಜನ ಮಣ್ಣಿನಡಿ ಸೇರಿದರು. ಕೆ.ಆರ್. ನಗರದಿಂದ ನೋಡಿದರೆ ವಯನಾಡು ಬೇರೆ ರಾಜ್ಯದ ಸುದ್ದಿ. ಎಚ್.ಡಿ. ಕೋಟೆಯಿಂದ ನೋಡಿದರೆ ಅದು ಪಕ್ಕದ ಮನೆ. ಅಂತರಸಂತೆ, ಬಾವಲಿ ದಾಟಿದರೆ ಮಾನಂದವಾಡಿ. ಕಬಿನಿಗೆ ನೀರು ಬರುವುದು ಅಲ್ಲಿಂದಲೇ. ಅಲ್ಲಿ ಜೋರು ಮಳೆಯಾದರೆ ಬೀಚನಹಳ್ಳಿ ಬಳಿಯ ಅಣೆಕಟ್ಟಿಗೆ ಒಳಹರಿವು ಏರುತ್ತದೆ, ಕೆಳಗಿನ ಹೊಲಗಳವರು ನಿದ್ದೆ ಬಿಡುತ್ತಾರೆ.

ಆ ದುರಂತದಲ್ಲಿ ವಿದ್ಯುತ್ ಮತ್ತು ಮೊಬೈಲ್ ಸಂಪರ್ಕ ಕಡಿದುಹೋದಾಗ ಕಲ್ಪೆಟ್ಟದ ಕಲೆಕ್ಟರೇಟಿನಲ್ಲಿ ಹ್ಯಾಮ್ ರೇಡಿಯೊ ಸ್ವಯಂಸೇವಕರು ಒಂದು ಕೇಂದ್ರ ತೆರೆದರು. ದುರಂತದ ಜಾಗದಿಂದ ಬರುವ ಮಾಹಿತಿಯನ್ನು ಅಲ್ಲಿ ಕೇಳಿಸಿಕೊಂಡು ಅಧಿಕಾರಿಗಳಿಗೆ ತಲುಪಿಸಿದರು. ಅವರಾರೂ ಸಂಬಳಕ್ಕೆ ಕೆಲಸ ಮಾಡಿದವರಲ್ಲ.

ಇದಕ್ಕೂ ಇಪ್ಪತ್ತು ವರ್ಷ ಹಿಂದಿನ ಉದಾಹರಣೆ ಅಂಡಮಾನಿನದು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ದ್ವೀಪದಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡುವ ಹವ್ಯಾಸದ ಪ್ರವಾಸ ಅದು. ಡಿಸೆಂಬರ್ 26ರಂದು ಸುನಾಮಿ ಬಂತು. ಹವ್ಯಾಸಕ್ಕೆ ತಂದಿದ್ದ ಸೆಟ್‌ಗಳೇ ಅಂದು ದ್ವೀಪಗಳ ಮತ್ತು ದೇಶದ ನಡುವಿನ ಕೊಂಡಿಯಾದವು. ನಮ್ಮ ಕಾಲೇಜಿನ ಹುಡುಗಿಯರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮಲ್ಲಿ ಅಂಥದ್ದು ಆಗುವುದಿಲ್ಲ ಎನ್ನುವವರು 2019ರ ಆಗಸ್ಟ್ ನೆನಪಿಸಿಕೊಳ್ಳಲಿ. ಆ ಮಳೆಗೆ ಲಕ್ಷ್ಮಣತೀರ್ಥ ಉಕ್ಕಿ ಹುಣಸೂರು ತಾಲ್ಲೂಕಿನಲ್ಲಿ ನೀರು ನುಗ್ಗಿತು. ಕಬಿನಿಯೂ ಉಕ್ಕಿತು. ಮೊಬೈಲ್ ಇದೆಯಲ್ಲ ಎಂದರೆ, ಮೊಬೈಲ್ ಟವರಿಗೂ ಕರೆಂಟ್ ಬೇಕು. ಕರೆಂಟ್ ಹೋದರೆ ಕೆಲವು ಗಂಟೆ ಬ್ಯಾಟರಿ, ಆಮೇಲೆ ಡೀಸೆಲ್. ರಸ್ತೆ ಮುಳುಗಿದರೆ ಡೀಸೆಲ್ ತಲುಪುವುದಿಲ್ಲ. ಡಿ.ಬಿ. ಕುಪ್ಪೆ ಕಡೆಯ ಕಾಡಂಚಿನ ಹಾಡಿಗಳಿಂದ ಬರುವ ಗೆಳೆಯರನ್ನು ಕೇಳಿ, ಬಿಸಿಲಿನ ದಿನವೂ ಅಲ್ಲಿ ಸಿಗ್ನಲ್ ಹುಡುಕುತ್ತ ನಡೆಯಬೇಕು.

ಹ್ಯಾಮ್ ಎಂದರೇನು

ಹ್ಯಾಮ್ ರೇಡಿಯೊ ಎಂದರೆ ಹವ್ಯಾಸಿ ರೇಡಿಯೊ. ಆಕಾಶವಾಣಿಯಂತೆ ಕೇಳುವುದಷ್ಟೇ ಅಲ್ಲ, ನಾವೂ ಮಾತಾಡಬಹುದು. ನಡುವೆ ಟವರ್ ಬೇಕಿಲ್ಲ, ಸಿಮ್ ಬೇಕಿಲ್ಲ. ಒಂದು ಸೆಟ್, ಒಂದು 12 ವೋಲ್ಟ್ ಬ್ಯಾಟರಿ, ಒಂದು ಆಂಟೆನಾ ಸಾಕು. 144ರಿಂದ 146 ಮೆಗಾಹರ್ಟ್ಸ್‌ನ ಸಣ್ಣ ಸೆಟ್ ಊರಿನ ಸುತ್ತಮುತ್ತ ಕೇಳಿಸುತ್ತದೆ, ಗುಡ್ಡ ಅಡ್ಡ ಬಂದರೆ ಕಷ್ಟ. 7 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳು ಮೇಲಿನ ವಾತಾವರಣಕ್ಕೆ ತಗುಲಿ ಹಿಂತಿರುಗುವುದರಿಂದ ಹಗಲಿನಲ್ಲಿ ನೂರಾರು ಕಿಲೋಮೀಟರ್ ದೂರ ತಲುಪುತ್ತವೆ.

ಇದಕ್ಕೆ ಕೇಂದ್ರ ಸರ್ಕಾರದ ಲೈಸೆನ್ಸ್ ಕಡ್ಡಾಯ. ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬೇಕು. ರೇಡಿಯೊ ಹೇಗೆ ಕೆಲಸ ಮಾಡುತ್ತದೆ ಎಂಬುದು ಒಂದು ಭಾಗ, ನಿಯಮಗಳು ಇನ್ನೊಂದು ಭಾಗ. 12 ವರ್ಷ ತುಂಬಿದ ಯಾರಾದರೂ ಬರೆಯಬಹುದು. ಪಾಸಾಗಿ ಲೈಸೆನ್ಸ್ ಪಡೆದವರಿಗೆ ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆ ಸಂಕೇತ ಸಿಗುತ್ತದೆ. ಜಗತ್ತಿನಲ್ಲಿ ಅದು ನಿಮ್ಮೊಬ್ಬರದೇ. ಅಂದರೆ ಈ ಲೇಖನ ಓದುತ್ತಿರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ವಯಸ್ಸಿನ ಅರ್ಹತೆ ಈಗಾಗಲೇ ಇದೆ.

ಒಂದು ನಿಯಮ ಕಾಮರ್ಸ್‌ನವಳಾದ ನನಗೆ ವಿಚಿತ್ರ ಅನಿಸಿತು. ಹ್ಯಾಮ್ ರೇಡಿಯೊದಿಂದ ಹಣ ಮಾಡುವಂತಿಲ್ಲ. ವ್ಯಾಪಾರದ ಮಾತು ಆಡುವಂತಿಲ್ಲ. ಲಾಭ ಎಂಬ ಕಾಲಮ್ಮೇ ಇಲ್ಲದ ಈ ಕೆಲಸವನ್ನು ಜಗತ್ತಿನ ತುಂಬ ಜನ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮಾಡುತ್ತಿದ್ದಾರೆ.

ನಮ್ಮ ಜಿಲ್ಲೆಗೆ ಇದು ಹೊರಗಿನಿಂದ ಬಂದ ಹುಚ್ಚೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಪ್ರೇಷಕ ಇಟ್ಟುಕೊಂಡು ಬಾನುಲಿ ಕೇಂದ್ರ ಆರಂಭಿಸಿದರು. ಇಡೀ ದೇಶ ಇಂದು ಬಳಸುವ ಆಕಾಶವಾಣಿ ಎಂಬ ಹೆಸರು ಆ ಕೇಂದ್ರದ್ದು. ಅವರು ಎಂಜಿನಿಯರ್ ಆಗಿರಲಿಲ್ಲ, ಮನಸ್ಸಿನ ಪಾಠ ಹೇಳುವವರು. 30 ವ್ಯಾಟ್ ಎಂದರೆ ಇಂದಿನ ಹಲವು ಹ್ಯಾಮ್ ಸೆಟ್‌ಗಳಿಗಿಂತ ಕಡಿಮೆ ಶಕ್ತಿ.

ಮೊದಲು ಫ್ಯೂಸ್

ಹೊಸ 100 ವ್ಯಾಟಿನ ಹ್ಯಾಮ್ ಸೆಟ್ ಕೊಳ್ಳಲು ಲಕ್ಷ ರೂಪಾಯಿ ಸಮೀಪ ಅಥವಾ ಅದಕ್ಕೂ ಮೇಲೆ ಬೇಕು. ಆದ್ದರಿಂದ ಸಣ್ಣ ಊರಿನ ಕ್ಲಬ್‌ಗಳು ಹಿರಿಯ ಹ್ಯಾಮ್‌ಗಳಿಂದ ಬರುವ ಹಳೆಯ ಸೆಟ್‌ಗಳನ್ನೋ ಕೈಯಲ್ಲೇ ಜೋಡಿಸುವ ಕಿಟ್‌ಗಳನ್ನೋ ನಂಬಿಕೊಳ್ಳುತ್ತವೆ. ಹೈದರಾಬಾದಿನ ಅಶರ್ ಫರ್ಹಾನ್ ರೂಪಿಸಿದ ಬಿಟೆಕ್ಸ್ ಎಂಬ ಕಡಿಮೆ ಖರ್ಚಿನ ಸೆಟ್ ಈ ಕಾರಣಕ್ಕೇ ಜಗತ್ತಿನಾದ್ಯಂತ ಹೆಸರಾಯಿತು. ಹಳೆಯ ಸೆಟ್ ಕೈಗೆ ಬಂದಾಗ ಅದರ ಮೂಲ ವೈರ್ ಕಳೆದಿರುತ್ತದೆ, ಫ್ಯೂಸ್ ಇರಬೇಕಾದ ಜಾಗದಲ್ಲಿ ಯಾರೋ ಎರಡು ತಂತಿ ತಿರುಚಿ ಟೇಪ್ ಸುತ್ತಿರುತ್ತಾರೆ. ಕೈಯಲ್ಲಿ ಜೋಡಿಸಿದ ಸೆಟ್‌ನಲ್ಲಿ ಫ್ಯೂಸ್ ಹಾಕುವುದು ಜೋಡಿಸಿದವರ ಜವಾಬ್ದಾರಿ. ಅದು ಮಾತಾಡಲು ಶುರುಮಾಡಿದ ಖುಷಿಯಲ್ಲಿ ಇದು ಮರೆತುಹೋಗುತ್ತದೆ.

ಫ್ಯೂಸ್ ಮಾಡುವ ಕೆಲಸ ಸರಳ. ಹರಿಯಬೇಕಾದಷ್ಟು ಕರೆಂಟ್ ಹರಿದರೆ ಸುಮ್ಮನಿರುತ್ತದೆ. ಮಿತಿ ಮೀರಿದರೆ ತಾನು ಕರಗಿ ದಾರಿ ಮುಚ್ಚುತ್ತದೆ. 12 ವೋಲ್ಟ್ ತಾನೆ, ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ ಎಂದು ಬ್ಯಾಟರಿಯನ್ನು ಹಗುರವಾಗಿ ನೋಡುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಬ್ಯಾಟರಿಯ ಎರಡು ತುದಿ ತಂತಿಯ ಮೂಲಕ ಒಂದಕ್ಕೊಂದು ತಾಗಿತು, ಒಟ್ಟು ತಡೆ 0.03 ಓಮ್ ಇದೆ ಎಂದುಕೊಳ್ಳಿ. 12ನ್ನು 0.03ರಿಂದ ಭಾಗಿಸಿದರೆ 400 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಹತ್ತು ಪಟ್ಟಾದರೆ ಶಾಖ ನೂರು ಪಟ್ಟು. ತಂತಿ ಕೆಂಪಾಗಿ ಅದರ ಹೊದಿಕೆ ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ. ಪ್ರವಾಹದ ರಾತ್ರಿ ಜನ ತುಂಬಿದ ಪರಿಹಾರ ಕೇಂದ್ರದ ಮೂಲೆಯಲ್ಲಿ, ಕಂಬಳಿಗಳ ಪಕ್ಕದಲ್ಲಿ ಇದು ನಡೆದರೆ ಏನಾಗುತ್ತದೆ ಎಂದು ಯೋಚಿಸಿ.

ಆದ್ದರಿಂದ ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಗೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ ಇರಬೇಕು. ಸೆಟ್‌ನ ಹಿಂಭಾಗದಲ್ಲಿ ಮಾತ್ರ ಇದ್ದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿಗೆ ಕಾವಲು ಇಲ್ಲ. ಎಷ್ಟು ಆಂಪಿಯರ್ ಎಂಬುದಕ್ಕೂ ಲೆಕ್ಕ ಇದೆ. 100 ವ್ಯಾಟಿನ ಸೆಟ್ ಮಾತಾಡುವಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ, ಅದಕ್ಕೆ 25ರ ಫ್ಯೂಸ್. ಕೆಲವೇ ವ್ಯಾಟಿನ ಸಣ್ಣ ಕಿಟ್‌ಗೆ 2 ಅಥವಾ 3 ಆಂಪಿಯರ್ ಸಾಕು. ಸೆಟ್ ಎಳೆಯುವುದಕ್ಕಿಂತ ಫ್ಯೂಸ್ ಸ್ವಲ್ಪ ದೊಡ್ಡದು, ಫ್ಯೂಸಿಗಿಂತ ತಂತಿಯ ಶಕ್ತಿ ದೊಡ್ಡದು. ಈ ಕ್ರಮ ತಪ್ಪಿದರೆ ಫ್ಯೂಸಿಗಿಂತ ಮೊದಲು ತಂತಿಯೇ ಸುಡುತ್ತದೆ. ಕಾರಿಗೆ ಹಾಕುವ ಪ್ಲಾಸ್ಟಿಕ್ ಫ್ಯೂಸ್‌ಗಳಲ್ಲಿ ಬಣ್ಣವೇ ಅಳತೆ ಹೇಳುತ್ತದೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ಓದಲು ಬೆಳಕಿಲ್ಲದಿದ್ದರೂ ಟಾರ್ಚಿನಲ್ಲಿ ಬಣ್ಣ ಕಾಣುತ್ತದೆ. ಫ್ಯೂಸ್ ಕೂರುವ ಹೋಲ್ಡರ್ ಸಡಿಲವಾಗಿದ್ದರೆ ಅದೇ ಬಿಸಿಯಾಗಿ ಕರಗುತ್ತದೆ, ಆದ್ದರಿಂದ ಅದರಲ್ಲಿ ಐದು ರೂಪಾಯಿ ಉಳಿಸಬಾರದು.

ಇದರ ಜೊತೆಗೆ ಒಂದು ಡಯೋಡ್. ಗಾಬರಿಯಲ್ಲಿ ಬ್ಯಾಟರಿಯನ್ನು ತಿರುಗುಮುರುಗಾಗಿ ಜೋಡಿಸುವುದು ಅತಿ ಸಾಮಾನ್ಯ. ಫ್ಯೂಸ್ ದಾಟಿದ ಮೇಲೆ ಪಾಸಿಟಿವ್ ಮತ್ತು ನೆಗೆಟಿವ್ ನಡುವೆ ಒಂದು ಡಯೋಡನ್ನು ಉಲ್ಟಾ ದಿಕ್ಕಿನಲ್ಲಿ ಹಾಕಿರುತ್ತಾರೆ. ಜೋಡಣೆ ಸರಿ ಇದ್ದಾಗ ಅದು ಏನೂ ಮಾಡುವುದಿಲ್ಲ. ತಪ್ಪಾದಾಗ ಕರೆಂಟೆಲ್ಲ ಅದರ ಮೂಲಕ ಹರಿದು ಫ್ಯೂಸ್ ಹಾರುತ್ತದೆ, ಸೆಟ್ ಉಳಿಯುತ್ತದೆ. ಆದರೆ ಫ್ಯೂಸ್ ಇಲ್ಲದೆ ಡಯೋಡ್ ಮಾತ್ರ ಇದ್ದರೆ ಡಯೋಡೂ ಸುಡುತ್ತದೆ, ಸೆಟ್ಟೂ ಸುಡುತ್ತದೆ. ಎರಡೂ ಒಟ್ಟಿಗೆ ಇದ್ದರೆ ಮಾತ್ರ ಉಪಯೋಗ.

ಇನ್ನು ನಮ್ಮ ಊರಿನ ದೊಡ್ಡ ರೋಗ. ಫ್ಯೂಸ್ ಹಾರಿತು, ಹೊಸದು ಇಲ್ಲ, ಅದರ ಜಾಗಕ್ಕೆ ತಾಮ್ರದ ತಂತಿ ಸುತ್ತುವುದು. ಮನೆಯ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಂತಿ, ವಾಹನದ ಫ್ಯೂಸಿಗೆ ಸಿಗರೇಟಿನ ಬೆಳ್ಳಿ ಕಾಗದ. ನಮ್ಮ ಓಣಿಯ ಒಂದು ಮದುವೆಯಲ್ಲಿ ಬಾಡಿಗೆಗೆ ತಂದ ಆಂಪ್ಲಿಫೈಯರ್ ಹೀಗೆ ಹೊಗೆ ಬಂದು ಸುಟ್ಟಿತು. ಒಳಗೆ ಫ್ಯೂಸಿನ ಜಾಗದಲ್ಲಿ ತಂತಿ ಇತ್ತು. ಹತ್ತು ರೂಪಾಯಿ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಯಂತ್ರ ಹೋಯಿತು. ಫ್ಯೂಸ್ ಪದೇ ಪದೇ ಹಾರಿದರೆ ಒಳಗೆ ದೋಷ ಇದೆ ಎಂದು ಅರ್ಥ. ಅದರ ಬಾಯಿ ಮುಚ್ಚಿಸಿದರೆ ದೋಷ ಹೋಗುವುದಿಲ್ಲ.

ಆಮೇಲೆ ಗುಂಡಿಗಳು

ಹಳೆಯ ರೇಡಿಯೊದ ವಾಲ್ಯೂಮ್ ತಿರುಗಿಸಿದಾಗ ಖರ್ ಖರ್ ಎನ್ನುವುದು ಎಲ್ಲರಿಗೂ ಗೊತ್ತು. ನಮ್ಮ ದಾದಾ ಅವರ ಟ್ರಾನ್ಸಿಸ್ಟರ್ ಹಾಗೆಯೇ ಮಾಡುತ್ತದೆ. ಗುಂಡಿಯ ಹಿಂದೆ ಒಂದು ಇಂಗಾಲದ ಪಟ್ಟಿ ಇರುತ್ತದೆ, ಅದರ ಮೇಲೆ ಲೋಹದ ಬೆರಳೊಂದು ಸರಿದಾಡುತ್ತದೆ. ಧೂಳು, ತೇವ, ತುಕ್ಕು ಸೇರಿದಾಗ ಬೆರಳು ಪಟ್ಟಿಯಿಂದ ಆಗಾಗ ಬಿಟ್ಟುಹೋಗುತ್ತದೆ. ಆ ಬಿಟ್ಟುಹೋಗುವಿಕೆಯೇ ಖರ್ ಖರ್.

ಮನೆಯಲ್ಲಿ ಹಾಡು ಕೇಳುವಾಗ ಇದು ಸಣ್ಣ ಕಿರಿಕಿರಿ. ತುರ್ತು ಸಂದೇಶದಲ್ಲಿ ಹಾಗಲ್ಲ. ಛಾವಣಿಯ ಮೇಲೆ ಹನ್ನೆರಡು ಜನ ಇದ್ದಾರೆ ಎಂದು ಆ ಕಡೆಯವರು ಹೇಳಿದರು, ಖರ್ ಎಂಬ ಸದ್ದಿನಲ್ಲಿ ಮೊದಲ ಭಾಗ ಹೋಯಿತು, ಈ ಕಡೆ ಎರಡು ಜನ ಎಂದು ಬರೆದುಕೊಂಡರು. ಹೋಗುವ ದೋಣಿ ಎರಡು ಜನಕ್ಕೆ ಸಾಕಾಗುವಷ್ಟೇ. ಸದ್ದು ಅಡಗಿಸುವ ಸ್ಕ್ವೆಲ್ಚ್ ಗುಂಡಿ ಕೆಟ್ಟಿದ್ದರೆ ದೂರದ ಕ್ಷೀಣ ದನಿ ಕೇಳಿಸುವುದೇ ಇಲ್ಲ. ಮೈಕಿನ ಒತ್ತುವ ಸ್ವಿಚ್ ಸವೆದಿದ್ದರೆ ಇನ್ನೂ ಕಷ್ಟ. ಒತ್ತಿದರೂ ಮಾತು ಹೋಗುವುದಿಲ್ಲ, ಅಥವಾ ಬಿಟ್ಟರೂ ಬಿಡದೆ ಸಿಕ್ಕಿಕೊಂಡು ಆ ತರಂಗಾಂತರದಲ್ಲಿ ಬೇರೆ ಯಾರೂ ಮಾತಾಡದಂತೆ ಅಡ್ಡ ನಿಲ್ಲುತ್ತದೆ.

ಸರಿಮಾಡುವುದು ಕಷ್ಟವಲ್ಲ. ಸೆಟ್ ಆಫ್ ಮಾಡಿ, ಬ್ಯಾಟರಿ ಕಳಚಿ, ವಾಲ್ಯೂಮ್ ಕಂಟ್ರೋಲಿನ ಸಂದಿಯೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪವೇ ಸಿಂಪಡಿಸಿ ಗುಂಡಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಇಪ್ಪತ್ತು ಮೂವತ್ತು ಬಾರಿ ತಿರುಗಿಸಬೇಕು. ಪೂರ್ತಿ ಒಣಗಿದ ಮೇಲೆ ಮಾತ್ರ ಕರೆಂಟ್ ಕೊಡಬೇಕು. ಬಾಗಿಲ ಕೀಲಿಗೆ ಹಾಕುವ ಎಣ್ಣೆಯನ್ನು ಇಲ್ಲಿ ಹಾಕಬಾರದು, ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಟನ್‌ಗಳ ಅಡಿಯ ಕಪ್ಪು ರಬ್ಬರಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿ ಸಾಕು.

ಇಂಗಾಲದ ಪಟ್ಟಿಯೇ ಸವೆದುಹೋಗಿದ್ದರೆ ಯಾವ ಸ್ಪ್ರೇಯೂ ಉಳಿಸುವುದಿಲ್ಲ, ಬದಲಿಸಬೇಕು. ಆಗ ಎರಡು ವಿಷಯ ನೋಡಬೇಕು. ಒಂದು ಅದರ ಬೆಲೆ, ಅಂದರೆ 10 ಕಿಲೋ ಓಮ್ ಇದ್ದರೆ 10 ಕಿಲೋ ಓಮೇ ಹಾಕಬೇಕು. ಎರಡನೆಯದು ಅದು ಏರುವ ರೀತಿ. ನಮ್ಮ ಕಿವಿ ಸದ್ದನ್ನು ಅಳೆಯುವ ರೀತಿ ಬೇರೆ ಆದ್ದರಿಂದ ವಾಲ್ಯೂಮಿಗೆ ಲಾಗರಿದಮ್ ರೀತಿಯದು ಬೇಕು, ಅದರ ಮೇಲೆ ಸಾಮಾನ್ಯವಾಗಿ ಇಂಗ್ಲಿಷಿನ ಮೊದಲ ಅಕ್ಷರ ಇರುತ್ತದೆ. ಸಮವಾಗಿ ಏರುವುದಕ್ಕೆ ಎರಡನೇ ಅಕ್ಷರ. ಅದಲು ಬದಲಾದರೆ ಗುಂಡಿ ಸ್ವಲ್ಪ ತಿರುಗಿಸುತ್ತಲೇ ಸದ್ದು ಒಮ್ಮೆಲೇ ಜೋರಾಗಿ, ಉಳಿದ ಸುತ್ತಿನಲ್ಲಿ ಏನೂ ಬದಲಾಗುವುದಿಲ್ಲ. ಶುಚಿ ಮಾಡಿದರೂ, ಬದಲಿಸಿದರೂ ಖರ್ ಎನ್ನುವುದು ನಿಲ್ಲದಿದ್ದರೆ ತಪ್ಪು ಗುಂಡಿಯದಲ್ಲದೆ ಇರಬಹುದು. ಅದಕ್ಕಿಂತ ಹಿಂದಿನ ಕೆಪಾಸಿಟರ್ ಸೋರುತ್ತ ಬ್ಯಾಟರಿಯ ವೋಲ್ಟೇಜನ್ನು ಅದರ ಮೇಲೆ ಬಿಡುತ್ತಿರಬಹುದು. ಸದ್ದು ಕೇಳಿಸುವ ಜಾಗ ಒಂದು, ದೋಷದ ಜಾಗ ಇನ್ನೊಂದು. ಇದನ್ನು ಹುಡುಕುವುದಕ್ಕೆ ತಾಳ್ಮೆ ಬೇಕು, ಬ್ಯಾಲೆನ್ಸ್ ಶೀಟ್ ತಾಳೆಯಾಗದಿದ್ದಾಗ ಬೇಕಾಗುವಂಥದ್ದೇ ತಾಳ್ಮೆ.

ಮುಟ್ಟಬಾರದ್ದೂ ಇದೆ. ಒಳಗಿನ ಸುರುಳಿಗಳ ತಿರುಪು ಮತ್ತು ಟ್ರಿಮ್ಮರ್‌ಗಳು ಸವೆದ ಗುಂಡಿಗಳಲ್ಲ. ಅವನ್ನು ಸುಮ್ಮನೆ ತಿರುಗಿಸಿದರೆ ಅಳತೆಯ ಉಪಕರಣವಿಲ್ಲದೆ ಮತ್ತೆ ಕೂರಿಸಲಾಗುವುದಿಲ್ಲ. 230 ವೋಲ್ಟಿನ ಭಾಗ ಮತ್ತು ಹಳೆಯ ವಾಲ್ವ್ ಸೆಟ್‌ಗಳನ್ನು ವಿದ್ಯಾರ್ಥಿಗಳು ತೆರೆಯಲೇಬಾರದು. ಪ್ಲಗ್ ಕಿತ್ತ ಮೇಲೂ ಅವುಗಳ ಕೆಪಾಸಿಟರ್‌ನಲ್ಲಿ ಕೊಲ್ಲುವಷ್ಟು ವೋಲ್ಟೇಜ್ ಉಳಿದಿರುತ್ತದೆ. ನಮ್ಮ ಕ್ಲಬ್ 12 ವೋಲ್ಟಿನ ಸೆಟ್‌ಗಳಿಗೆ ಸೀಮಿತವಾಗಿರಲಿ, ಅದೂ ಉಪನ್ಯಾಸಕರು ಎದುರಿಗಿದ್ದಾಗ.

ಇದು ನಮ್ಮ ಕೆಲಸವೇ?

ಈಗ ಕಾಮರ್ಸ್ ಪ್ರಶ್ನೆ. ಹೊಸ ಸೆಟ್ ಕೊಂಡರೆ ಅದು ಬಂಡವಾಳ ವೆಚ್ಚ, ಆಸ್ತಿಯ ಕಡೆ ಹೆಸರಿನ ಸಮೇತ ಕೂರುತ್ತದೆ. ಫ್ಯೂಸ್, ಸ್ಪ್ರೇ, ಹೊಸ ಗುಂಡಿ ರಾಜಸ್ವ ವೆಚ್ಚ. ಲಾಭ ನಷ್ಟದ ಖಾತೆಯಲ್ಲಿ ರಿಪೇರಿ ಎಂಬ ಒಂದು ಸಾಲಿನಲ್ಲಿ ಕರಗಿಹೋಗುತ್ತದೆ. ವರ್ಷದ ಕೊನೆಗೆ ಅದು ಕಾಣುವುದಿಲ್ಲ. ಆದ್ದರಿಂದ ಖರ್ಚು ಕಡಿಮೆ ಮಾಡಿ ಎಂದರೆ ಎಲ್ಲರೂ ಮೊದಲು ಕತ್ತರಿಸುವುದು ಆ ಸಾಲನ್ನೇ. ಹಾಗೆ ಕತ್ತರಿಸಿದ ಮೇಲೆ ಆಸ್ತಿಯ ಪಟ್ಟಿಯಲ್ಲಿ ಸೆಟ್‌ನ ಬೆಲೆ ಇದೆ, ಕಪಾಟಿನಲ್ಲಿ ಕೆಲಸ ಮಾಡದ ಒಂದು ಪೆಟ್ಟಿಗೆ ಇದೆ. ಕಾಗದದ ಮೇಲಿನ ಸವಕಳಿಗಿಂತ ಕಪಾಟಿನ ಸವಕಳಿ ವೇಗವಾಗಿ ಓಡುತ್ತದೆ. ಇದನ್ನು ಗುರುತಿಸಬೇಕಾದವರು ಸೈನ್ಸ್ ಹುಡುಗರಲ್ಲ, ನಾವು.

ಎರಡನೆಯ ಮಾತು ಸ್ವಲ್ಪ ನೋವಿನದು. ನಮ್ಮ ಕಾಲೇಜಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ದುರಸ್ತಿಯಿಂದ. ಗ್ಯಾರೇಜು, ವೆಲ್ಡಿಂಗ್, ಬ್ಯಾಟರಿ, ಪಂಕ್ಚರ್, ಮೊಬೈಲ್ ರಿಪೇರಿ. ಆದರೂ ಅಂಕ ಕಡಿಮೆ ಬಂದಾಗ ನಾವು ಕೇಳುವ ಬೈಗುಳ ಒಂದೇ: ಮೆಕ್ಯಾನಿಕ್ ಆಗ್ತೀಯಾ? ತಂದೆಯ ಕೆಲಸವನ್ನೇ ಬೈಗುಳ ಮಾಡಿಕೊಂಡಿದ್ದೇವೆ. ಮನೆಯಲ್ಲಿ ನಾವು ಆಡುವ ಉರ್ದುವಿನಲ್ಲಿ ದುರುಸ್ತ್ ಎಂದರೆ ಸರಿಯಾದದ್ದು, ನ್ಯಾಯವಾದದ್ದು. ಕನ್ನಡದ ದುರಸ್ತಿ ಅದೇ ಮಾತು. ಹಳೆಯ ಕಚೇರಿ ಕನ್ನಡದಲ್ಲಿ ಮರಾಮತ್ ಎಂಬ ಮಾತೂ ಇತ್ತು, ಅದು ನಮ್ಮ ಮನೆಯ ಮರಮ್ಮತ್. ಎರಡೂ ಭಾಷೆಗಳು ಈ ಕೆಲಸಕ್ಕೆ ಗೌರವದ ಹೆಸರು ಕೊಟ್ಟಿವೆ, ಕೊಡದಿರುವವರು ನಾವು. ಬ್ಯಾಟರಿ ಅಂಗಡಿ ಇಟ್ಟಿರುವ ನಮ್ಮ ಮಾಮು ಎಸೆಸೆಲ್ಸಿ ಮುಗಿಸಿಲ್ಲ. ಫ್ಯೂಸಿನ ಬಗ್ಗೆ ಮೇಲೆ ಬರೆದಿರುವುದರಲ್ಲಿ ಅರ್ಧ ಅವರು ನನಗೆ ಹೇಳಿಕೊಟ್ಟದ್ದು. ಅಂಥ ಉಸ್ತಾದರನ್ನು ಕಾಲೇಜಿಗೆ ಕರೆದು, ಕುರ್ಚಿ ಹಾಕಿ, ನಮಗೆ ಕಲಿಸಿ ಎಂದು ಕೇಳಿದರೆ ಆ ಬೈಗುಳ ತಾನಾಗಿ ನಿಲ್ಲುತ್ತದೆ.

ಮೂರನೆಯದು ಹುಡುಗಿಯರ ಮಾತು. ಮನೆಯಲ್ಲಿ ಸ್ವಿಚ್ ಕೆಟ್ಟರೆ ಅಣ್ಣನನ್ನು ಕರೆಯುತ್ತಾರೆ, ಅಣ್ಣನಿಗೆ ಬರದಿದ್ದರೂ. ಮಾರ್ಕೆಟ್ಟಿನ ರಿಪೇರಿ ಅಂಗಡಿಯಲ್ಲಿ ನಾವು ನಿಂತು ಕಲಿಯಲು ಆಗುವುದಿಲ್ಲ ಎಂದು ಮನೆಯವರು ಹೇಳುತ್ತಾರೆ. ಕಾಲೇಜಿನ ಲ್ಯಾಬಿನಲ್ಲಿ ಕಲಿಯಲು ಯಾವ ಅಡ್ಡಿಯೂ ಇಲ್ಲ. ಬೆಸುಗೆ ಹಾಕುವ ಕೈಗೆ ಬೇಕಾದ ನಯ ಮೆಹಂದಿ ಹಾಕುವ ಕೈಯಲ್ಲಿ ಈಗಾಗಲೇ ಇದೆ.

ಏನು ಮಾಡಬಹುದು

ಪ್ರಿನ್ಸಿಪಾಲರಿಗೆ, ಆಡಳಿತ ಮಂಡಳಿಗೆ ಮತ್ತು ಉಪನ್ಯಾಸಕರಿಗೆ ನನ್ನ ವಿನಂತಿ ದೊಡ್ಡದಲ್ಲ. ತಿಂಗಳಿಗೆ ಎರಡು ಶನಿವಾರ ಮಧ್ಯಾಹ್ನ ಫಿಸಿಕ್ಸ್ ಲ್ಯಾಬ್ ಬೇಕು. ಒಂದು ಮಲ್ಟಿಮೀಟರ್, 25 ವ್ಯಾಟಿನ ಸೋಲ್ಡರಿಂಗ್ ಐರನ್, ಕಾಂಟ್ಯಾಕ್ಟ್ ಕ್ಲೀನರ್, ಒಂದು ಡಬ್ಬಿ ಫ್ಯೂಸ್, ಹೋಲ್ಡರ್‌ಗಳು, ಸ್ವಲ್ಪ ತಂತಿ. ಎಲ್ಲ ಸೇರಿ ಎರಡು ಸಾವಿರ ರೂಪಾಯಿಯ ಆಸುಪಾಸು ಎಂಬುದು ನನ್ನ ಅಂದಾಜು. ವಾರ್ಷಿಕೋತ್ಸವದ ದಿನ ಕಟ್ಟಿ ಮರುದಿನ ಬಿಚ್ಚುವ ಫ್ಲೆಕ್ಸ್‌ಗಳ ಖರ್ಚಿನಲ್ಲಿ ಇದು ಬರುತ್ತದೆ.

ಲೈಸೆನ್ಸ್ ಬರುವವರೆಗೆ ನಾವು ಪ್ರೇಷಕ ಇಟ್ಟುಕೊಳ್ಳುವಂತಿಲ್ಲ, ಮಾತಾಡುವಂತಿಲ್ಲ. ಅದು ಕಾನೂನು, ಅದರಲ್ಲಿ ರಿಯಾಯಿತಿ ಕೇಳಬಾರದು. ಆದರೆ ಕಲಿಯಲು ಕಾಯಬೇಕಿಲ್ಲ. ಸಾಮಾನ್ಯ ರೇಡಿಯೊಗೆ ಇಂದು ಲೈಸೆನ್ಸ್ ಬೇಡ. ನಮ್ಮ ದಾದಾ ಅವರ ಕಾಲದಲ್ಲಿ ಅದಕ್ಕೂ ಬೇಕಿತ್ತು, ಅಂಚೆ ಕಚೇರಿಯಲ್ಲಿ ಹಣ ಕಟ್ಟುತ್ತಿದ್ದರು. ಮನೆಗಳಲ್ಲಿ ಮೂಲೆಗೆ ಬಿದ್ದಿರುವ ಬ್ಯಾಟರಿ ಟ್ರಾನ್ಸಿಸ್ಟರ್‌ಗಳನ್ನು, 12 ವೋಲ್ಟಿನ ಮೈಕ್ ಸೆಟ್‌ಗಳನ್ನು ತನ್ನಿ. ಫ್ಯೂಸ್ ಹಾಕುವುದನ್ನು, ಗುಂಡಿ ಬದಲಿಸುವುದನ್ನು ಅವುಗಳ ಮೇಲೆ ಕಲಿಯೋಣ. ಹ್ಯಾಮ್ ಸೆಟ್‌ನಲ್ಲಿರುವ ಗುಂಡಿ ಬೇರೆ ಜಾತಿಯದಲ್ಲ. ಜೊತೆಜೊತೆಗೆ ಪರೀಕ್ಷೆಗೆ ಓದೋಣ. ಬೆಂಗಳೂರಿನಲ್ಲಿ ಹಳೆಯ ಹ್ಯಾಮ್ ಕ್ಲಬ್‌ಗಳಿವೆ, ಅಲ್ಲಿನ ಹಿರಿಯರನ್ನು ಒಮ್ಮೆ ಕರೆಸಬಹುದು.

ಪ್ರತಿ ಸೆಟ್‌ಗೂ ರಿಜಿಸ್ಟರಿನಲ್ಲಿ ಒಂದು ಪುಟ ಇರಲಿ. ಯಾವ ಸೆಟ್, ಎಷ್ಟು ಆಂಪಿಯರ್ ಫ್ಯೂಸ್, ಯಾವ ಗುಂಡಿ ಯಾವಾಗ ಸರಿಮಾಡಿದ್ದು, ಮಾಡಿದವರ ಸಹಿ, ಮುಂದಿನ ಪರೀಕ್ಷೆಯ ದಿನ. ಸೆಟ್ ಪೆಟ್ಟಿಗೆಯ ಒಳಗೆ ಅದೇ ಅಳತೆಯ ಎರಡು ಹೆಚ್ಚುವರಿ ಫ್ಯೂಸ್ ಟೇಪ್ ಹಚ್ಚಿ ಇಡಬೇಕು, ರಾತ್ರಿ ಎರಡು ಗಂಟೆಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಪ್ರತಿ ವರ್ಷ ಜೂನ್ ಮೊದಲ ವಾರ, ಮುಂಗಾರು ಹಿಡಿಯುವ ಮೊದಲು, ಎಲ್ಲ ಸೆಟ್‌ಗಳನ್ನು ಬ್ಯಾಟರಿಗೆ ಜೋಡಿಸಿ ಪರೀಕ್ಷಿಸಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಯನ್ನು ನಾವು ಪ್ರಬಂಧದಲ್ಲಿ ಎಷ್ಟು ಸಲ ಬರೆದಿದ್ದೇವೆ. ಒಂದು ಸಲ ಪಾಲಿಸಿಯೂ ನೋಡೋಣ.

ಮುಂದೆ ಒಬ್ಬ ದಾನಿ ಬಂದು ಹೊಸ ಸೆಟ್ ಕೊಡುತ್ತೇನೆ ಎಂದರೆ ಸಂತೋಷ, ಅವರ ಹೆಸರನ್ನು ಅದರ ಮೇಲೆ ಚೆನ್ನಾಗಿ ಬರೆಯೋಣ. ಜೊತೆಗೆ ಅವರನ್ನು ಒಂದು ಮಾತು ಕೇಳೋಣ: ಇದರ ಫ್ಯೂಸ್, ಗುಂಡಿ, ಬ್ಯಾಟರಿಗೆ ವರ್ಷಕ್ಕೆ ಐನೂರು ರೂಪಾಯಿ ಕೊಡುವಿರಾ? ಫ್ಯೂಸಿನ ಮೇಲೆ ಹೆಸರು ಬರೆಯಲು ಜಾಗವಿಲ್ಲ. ರಿಜಿಸ್ಟರಿನಲ್ಲಿ ಜಾಗವಿದೆ.

ಕ್ಲಬ್‌ಗೆ ಸೇರಲು ಇಷ್ಟವಿರುವವರು ಸೈನ್ಸ್, ಆರ್ಟ್ಸ್, ಕಾಮರ್ಸ್ ಯಾವ ವಿಭಾಗದವರಾದರೂ ಸರಿ, ಪ್ರಿನ್ಸಿಪಾಲರ ಅನುಮತಿ ಸಿಕ್ಕ ಕೂಡಲೇ ಗ್ರಂಥಾಲಯದಲ್ಲಿ ಹೆಸರು ಕೊಡಿ. ಮನೆಯ ಕೆಟ್ಟ ಟ್ರಾನ್ಸಿಸ್ಟರನ್ನು ಗುಜರಿಗೆ ಹಾಕಬೇಡಿ, ಅದು ನಮ್ಮ ಮೊದಲ ಪಠ್ಯಪುಸ್ತಕ. ರಿಜಿಸ್ಟರ್ ಬರೆಯುವ ಕೆಲಸ ನನಗಿರಲಿ.